ಔಷಧದಾನ ಮತ್ತು ಅನರ್ಥದಂಡ

ಮುನಿಯೊಬ್ಬರ ಶರೀರದಲ್ಲಿ ಎದ್ದ ಕುರುವನ್ನು ಕರುಣಾಳುವಾದ ವೈದ್ಯನು ಶಸ್ತ್ರದಿಂದ ಕೊಯ್ದರೆ ನೋವುಂಟಾಗುವುದು ನಿಜ; ಆದರೂ ಆ ಬಾಹ್ಯನಿಮಿತ್ತ ಮಾತ್ರದಿಂದ ವೈದ್ಯನಿಗೆ ಪಾಪಬಂಧವಾಗದು ಎಂಬ ದೃಷ್ಟಾಂತವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನೀಡಿದ್ದಾರೆ. ಹಿಂಸೆಯ ನಿರ್ಣಯಕ್ಕೆ ಶಸ್ತ್ರವನ್ನಲ್ಲ, ಶಸ್ತ್ರ ಹಿಡಿದವನ ಪರಿಣಾಮವನ್ನು ನೋಡಬೇಕು. ಪ್ರಮಾದವಿದ್ದಲ್ಲಿ ಹಿಂಸೆ, ಇಲ್ಲದಲ್ಲಿ ಇಲ್ಲ.

ಆ ವೈದ್ಯನ ಕೈಯಲ್ಲಿ ಒಂದೇ ಶಸ್ತ್ರವಿತ್ತು. ಇಂದಿನ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಒಬ್ಬ ರೋಗಿಗಾಗಿ ಪ್ಲಾಸ್ಟಿಕ್ ಹೊದಿಕೆ, ನಿಲುವಂಗಿ, ಕೈಗವಸು, ನಳಿಕೆ, ಸಿರಿಂಜುಗಳ ಪೊಟ್ಟಣವೇ ಬಿಚ್ಚಿಕೊಳ್ಳುತ್ತದೆ. ಬಳಸಿದ್ದೂ ಬಳಸದೆ ಉಳಿದದ್ದೂ ಒಂದೇ ಬುಟ್ಟಿಗೆ ಬೀಳುವುದು ಅಪರೂಪವಲ್ಲ. 2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇಕಡಾ 4.4ರಷ್ಟು ಆರೋಗ್ಯಸೇವೆಯಿಂದಲೇ ಹೊರಬೀಳುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಆಸ್ಪತ್ರೆಯ ಕಟ್ಟಡದಿಂದ ಬರುವುದಲ್ಲ, ಆಸ್ಪತ್ರೆ ಕೊಳ್ಳುವ ವಸ್ತುಗಳ ತಯಾರಿಕೆ ಮತ್ತು ಸಾಗಣೆಯಿಂದ ಬರುವುದು. ವೈದ್ಯನ ಶಸ್ತ್ರಕ್ಕೆ ದೊರೆತ ಕ್ಷಮೆ ಈ ಬುಟ್ಟಿಗೂ ದೊರೆಯುವುದೇ ಎಂಬುದು ವಿಚಾರಾರ್ಹ.

ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು. ಅದನ್ನು ಬಲ್ಲ ಆಚಾರ್ಯರು ಅವನಿಗೆ ಅನರ್ಥದಂಡವಿರತಿಯನ್ನು ವಿಧಿಸಿದರು. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದೇ ಆ ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಅದರ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು: ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳ ಮೇಲೆ ನಿಷ್ಫಲವಾಗಿ ನಡೆಸುವ ವ್ಯಾಪಾರ. ರೋಗಿಯ ಪ್ರಾಣಕ್ಕಾಗಿ ಉರಿದ ಬೆಂಕಿ ಬೇರೆ, ಯಾರಿಗೂ ಉಪಯೋಗವಿಲ್ಲದೆ ಉರಿದ ಬೆಂಕಿ ಬೇರೆ. ಆಸ್ಪತ್ರೆಯ ವಿಷಯದಲ್ಲಿ ವಿವೇಕವೆಂದರೆ ಈ ಎರಡನ್ನು ಬೇರ್ಪಡಿಸಿ ನೋಡುವುದು.

ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡನ್ನೇ ನೋಡಬಹುದು. ತೂಕಕ್ಕೆ ತೂಕ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಭೂತಾಪವನ್ನು ಉಂಟುಮಾಡುತ್ತದೆ. ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ, ಕೊಂಡು ತಂದ ಅನಿಲದ ಬಹುಪಾಲು ರೋಗಿಯನ್ನು ಮುಟ್ಟುವ ಮೊದಲೇ ಗೋಡೆಯೊಳಗಿನ ಕೊಳವೆಗಳಿಂದ ಸೋರಿಹೋಗುತ್ತಿದ್ದುದು ಕಂಡುಬಂತು. ಕೊಳವೆ ಜಾಲವನ್ನು ಮುಚ್ಚಿ ಸಣ್ಣ ಸಿಲಿಂಡರುಗಳನ್ನು ಬಳಸಿದರೆ ಯಾವ ರೋಗಿಗೂ ಕೊರತೆಯಾಗದು. ಅನರ್ಥದಂಡಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಆಧುನಿಕ ಕಾಲದಲ್ಲಿ ದೊರಕುವುದು ಕಷ್ಟ. ಡೆಸ್‌ಫ್ಲೂರೇನ್ ಎಂಬ ಮತ್ತೊಂದು ಅರಿವಳಿಕೆ ಅನಿಲದ ತಾಪಶಕ್ತಿ ಸುಮಾರು 2,500 ಪಟ್ಟು. ರೋಗಿಯು ಉಸಿರಾಡಿದ ಈ ಅನಿಲ ಬಹುತೇಕ ಹಾಗೆಯೇ ಹೊರಬಂದು ಆಕಾಶಕ್ಕೆ ಸೇರುತ್ತದೆ. ಸೆವೊಫ್ಲೂರೇನ್‌ನಂತಹ ಸೌಮ್ಯವಾದ ಪರ್ಯಾಯವಿರುವುದರಿಂದ ಸ್ಕಾಟ್ಲೆಂಡ್ 2023ರಲ್ಲಿ ಅದರ ಬಳಕೆಯನ್ನು ಕೈಬಿಟ್ಟಿತು.

ಇಷ್ಟು ದೂರ ಹೋಗದೆಯೇ ಅರಿಯಬಹುದಾದ ಪಾಠವೊಂದು ಮದುರೈಯಲ್ಲಿದೆ. ನಿವೃತ್ತರಾದ ಮೇಲೆ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳೊಡನೆ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಬಡವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಬಹುದೊಡ್ಡ ಸಂಖ್ಯೆಯಲ್ಲಿ ನಡೆಯುತ್ತದೆ. ಅಲ್ಲಿ ಉಕ್ಕಿನ ಉಪಕರಣಗಳನ್ನು ಆವಿಯಲ್ಲಿ ಶುದ್ಧಗೊಳಿಸಿ ಮತ್ತೆ ಮತ್ತೆ ಬಳಸುತ್ತಾರೆ. ಬಟ್ಟೆಯ ನಿಲುವಂಗಿಗಳನ್ನು ಒಗೆದು ಉಪಯೋಗಿಸುತ್ತಾರೆ. ಒಂದು ಸೀಸೆಯ ಕಣ್ಣಿನ ಹನಿ ಹಲವರಿಗೆ ಒದಗುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿನ ಒಂದು ಶಸ್ತ್ರಚಿಕಿತ್ಸೆಯಿಂದ ಹೊರಬೀಳುವ ಹಸಿರುಮನೆ ಅನಿಲ, ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ, ಸುಮಾರು 6 ಕಿಲೋ. ಬ್ರಿಟನ್ನಿನಲ್ಲಿ ಇದೇ ಚಿಕಿತ್ಸೆಗೆ ಆಗುವುದರ ಇಪ್ಪತ್ತರಲ್ಲಿ ಒಂದು ಪಾಲು ಅದು. ಕಸವೋ, ಒಬ್ಬ ರೋಗಿಗೆ ಸುಮಾರು ಕಾಲು ಕಿಲೋ ಮಾತ್ರ.

ಮಿತವ್ಯಯದ ಹೆಸರಿನಲ್ಲಿ ರೋಗಿಯ ಕಣ್ಣನ್ನೇ ಪಣವಾಗಿಡುತ್ತಿಲ್ಲವೇ ಎಂಬ ಶಂಕೆ ಇಲ್ಲಿ ಸಹಜ. ಇದು ತಳ್ಳಿಹಾಕುವಂಥ ಶಂಕೆಯಲ್ಲ. 2014ರಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯಲ್ಲಿ ನಡೆದ ಒಂದು ನೇತ್ರಶಿಬಿರದ ನಂತರ ಹಲವರು ದೃಷ್ಟಿಯನ್ನೇ ಕಳೆದುಕೊಂಡರು. ಶಿಬಿರ ಏರ್ಪಡಿಸಿದವರ ಉದ್ದೇಶ ಧರ್ಮವೇ ಆಗಿದ್ದಿರಬಹುದು. ಕಣ್ಣು ಕಳೆದುಕೊಂಡವನಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಮದುರೈಯ ಪದ್ಧತಿಯನ್ನು ಒಪ್ಪುವುದಕ್ಕೆ ಕಾರಣ ಅದರ ಅಗ್ಗತನವಲ್ಲ, ಅದರ ಲೆಕ್ಕಪತ್ರ. ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣಿನೊಳಗೆ ಜೀವಿರೋಧಕ ಔಷಧವನ್ನು ಹಾಕುವ ಕ್ರಮವನ್ನು ತಂದಮೇಲೆ ತೀವ್ರ ಸೋಂಕು 10,000ಕ್ಕೆ 7ರಿಂದ 2ಕ್ಕೆ ಇಳಿಯಿತೆಂಬುದನ್ನು ಆ ಸಂಸ್ಥೆಯ ವೈದ್ಯರು ಆರು ಲಕ್ಷಕ್ಕೂ ಹೆಚ್ಚು ಕಣ್ಣುಗಳ ದಾಖಲೆಯಿಂದ ತೋರಿಸಿದ್ದಾರೆ. ಈ ಶಿಸ್ತನ್ನು ಬಿಟ್ಟು ಮರುಬಳಕೆಯನ್ನು ಮಾತ್ರ ಎತ್ತಿಕೊಳ್ಳುವ ಆಸ್ಪತ್ರೆ ಪ್ರಮಾದವನ್ನು ಕಡಿಮೆ ಮಾಡಿದಂತಾಗದು. ಕಸದ ಬುಟ್ಟಿಯಿಂದ ಅದನ್ನು ರೋಗಿಯ ಮೇಲೆ ವರ್ಗಾಯಿಸಿದಂತಾದೀತು. ಒಮ್ಮೆ ಬಳಸಿ ಬಿಸಾಡುವುದೇ ಶುದ್ಧಿ ಎಂಬ ನಂಬಿಕೆಗೆ ಮಾತ್ರ ಮದುರೈಯ ಅಂಕಿಗಳು ಆಧಾರ ಕೊಡುವುದಿಲ್ಲ.

ಚಿಕಿತ್ಸೆಯನ್ನೇ ಕಡಿಮೆ ಮಾಡಬೇಕೆಂದೂ ಇದರ ಅರ್ಥವಲ್ಲ. ಚಿಕಿತ್ಸೆ ದೊರೆಯದೆ ಕುರುಡರಾಗಿ ಕುಳಿತವರು ಇನ್ನೂ ಇರುವ ನಾಡಿನಲ್ಲಿ ಅಂಥ ಮಾತು ನಿರ್ದಯವಾದೀತು.

ಪಂಚಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗಸಮಿತಿಯು ಮಲಮೂತ್ರಾದಿಗಳನ್ನು ಜೀವಜಂತುಗಳಿಲ್ಲದ ಸ್ಥಳವನ್ನು ನೋಡಿ ವಿಸರ್ಜಿಸಬೇಕೆಂದು ಮುನಿಗಳಿಗೆ ವಿಧಿಸುತ್ತದೆ. ಎಸೆಯುವ ಕ್ಷಣವೂ ಧರ್ಮಾಚರಣೆಯ ಕ್ಷಣವೇ ಎಂಬ ಸೂಕ್ಷ್ಮ ಅದರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆಯ ಕಸದಲ್ಲಿ ಸುಮಾರು ಶೇಕಡಾ 85ರಷ್ಟು ಮನೆಯ ಕಸದಂತೆಯೇ ಸಾಮಾನ್ಯವಾದದ್ದು. ಶೇಕಡಾ 15ರಷ್ಟು ಮಾತ್ರ ಅಪಾಯಕಾರಿ. ಎರಡನ್ನೂ ಬೆರೆಸಿದೊಡನೆ ಎಲ್ಲವೂ ಅಪಾಯಕಾರಿಯಾಗುತ್ತದೆ, ಎಲ್ಲವನ್ನೂ ಸುಡಬೇಕಾಗುತ್ತದೆ, ಪಿ.ವಿ.ಸಿ. ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಗಾಳಿಗೆ ಸೇರಬಲ್ಲದು. ಭಾರತದಲ್ಲಿ 1998ರಲ್ಲಿ ಬಂದು 2016ರಲ್ಲಿ ಹೊಸದಾಗಿ ರೂಪುಗೊಂಡ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಕಸವನ್ನು ಹುಟ್ಟುವ ಸ್ಥಳದಲ್ಲಿಯೇ ಬೇರ್ಪಡಿಸಬೇಕೆನ್ನುತ್ತವೆ. ರಕ್ತಸಿಕ್ತವಾದದ್ದು ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆಗಳು ಕೆಂಪು ಚೀಲಕ್ಕೆ, ಸೂಜಿಗಳು ಚುಚ್ಚದಂಥ ಬಿಳಿ ಡಬ್ಬಕ್ಕೆ. ಇದನ್ನು ದಾದಿಯರ ಕೆಲಸವೆಂದು ವೈದ್ಯರೂ, ವೈದ್ಯರ ಕೆಲಸವೆಂದು ಆಡಳಿತದವರೂ ಬಿಟ್ಟರೆ, ತಪ್ಪು ಚೀಲದೊಳಗೆ ಉಳಿದ ಸೂಜಿ ಕಸ ಎತ್ತುವ ಕಾರ್ಮಿಕನ ಅಂಗೈಯನ್ನು ಹುಡುಕಿಕೊಂಡು ಹೋಗುತ್ತದೆ.

ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಲ್ಲಿ ದಾನಿಯು ನಿಲ್ಲುವುದು ಎರಡನೆಯ ಮತ್ತು ಮೂರನೆಯದರಲ್ಲಿ. ಬಸದಿಗಳ ಟ್ರಸ್ಟುಗಳು ಚತುರ್ವಿಧ ದಾನಗಳಲ್ಲಿ ಒಂದಾದ ಔಷಧದಾನಕ್ಕೆಂದು ಶಿಬಿರ ನಡೆಸುವಾಗ, ಆಸ್ಪತ್ರೆಗೆ ಯಂತ್ರ ಕೊಡಿಸುವಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಷ್ಟು ಜನರಿಗೆ ಪ್ರಯೋಜನವಾಯಿತು? ಫಲಕದಲ್ಲಿ ಬರೆಯಲು ಆ ಸಂಖ್ಯೆ ಸಾಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಇನ್ನೂ ಕೆಲವನ್ನು ಕೇಳಬಹುದು. ತೆರೆದ ಪೊಟ್ಟಣಗಳಲ್ಲಿ ಬಳಕೆಯಾಗದೆ ಹೋದದ್ದೆಷ್ಟು? ತೊಳೆದು ಆವಿಯಲ್ಲಿ ಶುದ್ಧಗೊಳಿಸಬಹುದಾದ ಉಪಕರಣಕ್ಕೆ ಬದಲು ಬಿಸಾಡುವಂಥದನ್ನು ಕೊಂಡದ್ದೇಕೆ? ಸೋಂಕಿನ ದಾಖಲೆ ಇದೆಯೇ, ಇದ್ದರೆ ಟ್ರಸ್ಟಿಗೆ ತೋರಿಸುವರೇ? ಅವಧಿ ಮೀರಿದ ಮಾತ್ರೆಗಳು ಎಲ್ಲಿಗೆ ಹೋದವು, ಚೀಲ ಹೊತ್ತವನಿಗೆ ದಪ್ಪ ಕೈಗವಸನ್ನೂ ಕಾಮಾಲೆಯ ಲಸಿಕೆಯನ್ನೂ ಕೊಟ್ಟಿದ್ದಾರೆಯೇ? ಈ ಕೊನೆಯ ಎರಡು ವಸ್ತುಗಳನ್ನು ಟ್ರಸ್ಟೇ ಕೊಟ್ಟರೂ ಅದು ಔಷಧದಾನದ ಲೆಕ್ಕಕ್ಕೇ ಸೇರುತ್ತದೆ.