ಖಾಲಿ ಹುದ್ದೆಯ ಶಿಕ್ಷೆ ಯಾರಿಗೆ?

(ಮಾತನಾಡುವವರು: ಆರ್ಥಿಕ ಇಲಾಖೆಯಿಂದ ನಿವೃತ್ತರಾದ ಅಧಿಕಾರಿ, ಜಿಲ್ಲಾ ನ್ಯಾಯಾಲಯದ ವಕೀಲೆ, ನಿವೃತ್ತ ಜೈಲು ವಾರ್ಡರ್.)

ಅಧಿಕಾರಿ: ಪೊಲೀಸರ ಸಂಬಳ ಒಂದು ಕಡತ, ನೇಮಕಾತಿ ಇನ್ನೊಂದು, ಜೈಲಿನ ಸೌಲಭ್ಯ ಮೂರನೆಯದು. ನಾನು ಸಚಿವಾಲಯದಲ್ಲಿದ್ದಷ್ಟು ಕಾಲ ಈ ಮೂರೂ ಬೇರೆ ಬೇರೆ ಮೇಜಿಗೆ ಬರುತ್ತಿದ್ದವು, ಬೇರೆ ಬೇರೆ ಟಿಪ್ಪಣಿ ಹೊತ್ತು ಹೋಗುತ್ತಿದ್ದವು. ನೀವು ಮೂರನ್ನೂ ಒಂದೇ ಅನ್ನುತ್ತೀರಿ. ಅದು ಹೇಗೆ?

ವಕೀಲೆ: ಒಬ್ಬ ವಿಚಾರಣಾಧೀನ ಕೈದಿಯ ಒಂದು ವಾಯಿದೆಯ ದಿನವನ್ನು ತೆಗೆದುಕೊಳ್ಳಿ. ಅವನನ್ನು ಜೈಲಿನಿಂದ ಕೋರ್ಟಿಗೆ ಕರೆತರಬೇಕಾದವರು ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರು. ಅವತ್ತು ಊರಿಗೆ ಮಂತ್ರಿಗಳು ಬಂದಿದ್ದಾರೆ, ಇಲ್ಲವೇ ಗಣಪತಿ ವಿಸರ್ಜನೆ ಇದೆ. ಇರುವ ಸಿಬ್ಬಂದಿಯೆಲ್ಲ ಬಂದೋಬಸ್ತಿಗೆ ಹೋಗಿದ್ದಾರೆ. ಎಸ್ಕಾರ್ಟ್ ಇಲ್ಲ. ಸಾಕ್ಷಿ ದೂರದ ಹಳ್ಳಿಯಿಂದ ಬಂದು ಕೂತಿದ್ದಾನೆ, ಆರೋಪಿ ಹಾಜರಿಲ್ಲ. ಕೇಸು ಮುಂದಿನ ತಿಂಗಳಿಗೆ ಹೋಯಿತು. ಮುಂದಿನ ತಿಂಗಳು ಆ ಸಾಕ್ಷಿ ಬರುವುದಿಲ್ಲ.

ವಾರ್ಡರ್: ವಾಯಿದೆ ಇರೋ ಕೈದಿಗಳು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇರೋದರಲ್ಲಿ ಒಳ್ಳೆ ಅಂಗಿ ಹಾಕ್ಕೊಂಡು ಗೇಟಿನ ಹತ್ರ ಕಾಯ್ತಿರ್ತಾರೆ. ‘ಇವತ್ತು ಗಾರ್ಡ್ ಬರಲ್ಲ, ಒಳಗೆ ನಡಿ’ ಅಂತ ಹೇಳೋ ಕೆಲಸ ನಮ್ಮದು.

ಅಧಿಕಾರಿ: ಈಗ ವಿಡಿಯೋ ಕಾನ್ಫರೆನ್ಸ್ ಇದೆಯಲ್ಲ?

ವಕೀಲೆ: ರಿಮ್ಯಾಂಡ್ ಮುಂದುವರಿಸುವುದಕ್ಕೆ ಸಾಕು. ಪಾಟೀಸವಾಲಿಗೆ ಸಾಲದು. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳುವಾಗ ನನ್ನ ಕಕ್ಷಿದಾರ ಪಕ್ಕದಲ್ಲಿರಬೇಕು. ‘ಮೇಡಂ, ಆವತ್ತು ಇವನು ಊರಲ್ಲೇ ಇರಲಿಲ್ಲ’ ಎಂದು ಅವನು ಆ ಕ್ಷಣದಲ್ಲೇ ನನ್ನ ಕಿವಿಗೆ ಹೇಳಬೇಕು. ಪರದೆಯ ಮೇಲೆ ಕಾಣುವ ಮುಖ ಅದನ್ನು ಹೇಳಲಾರದು. ಈಗ ಹಿಂದಕ್ಕೆ ನಡೆದು ನೋಡಿ. ಪೊಲೀಸ್ ಹುದ್ದೆ ಖಾಲಿ, ಆದ್ದರಿಂದ ಎಸ್ಕಾರ್ಟ್ ಇಲ್ಲ. ಎಸ್ಕಾರ್ಟ್ ಇಲ್ಲ, ಆದ್ದರಿಂದ ವಿಚಾರಣೆ ಇಲ್ಲ. ವಿಚಾರಣೆ ಮುಗಿಯದೆ ಜೈಲು ತುಂಬುತ್ತದೆ, ತುಂಬಿದ ಜೈಲನ್ನು ಅಷ್ಟೇ ವಾರ್ಡರುಗಳು ಕಾಯುತ್ತಾರೆ. ನಿಮ್ಮ ಮೂರು ಕಡತಗಳಲ್ಲಿ ಓಡಾಡುತ್ತಿರುವುದು ಒಬ್ಬನೇ ಮನುಷ್ಯ.

ಅಧಿಕಾರಿ: ಸರಿ, ಒಪ್ಪಿದೆ. ಆದರೂ ಜೈಲು ತುಂಬುವುದಕ್ಕೆ ಅಪರಾಧ ಹೆಚ್ಚಿರುವುದೂ ಕಾರಣವಿರಬೇಕು.

ವಕೀಲೆ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕ ನೋಡಿ. ದೇಶದ ಜೈಲುಗಳಲ್ಲಿ ಇರಬಹುದಾದವರು 4,36,266, ಇದ್ದವರು 5,73,220. ಅವರಲ್ಲಿ ವಿಚಾರಣಾಧೀನರು 4,34,302. ಶಿಕ್ಷೆಯಾದವರನ್ನೆಲ್ಲ ಒಂದೇ ದಿನ ಮನೆಗೆ ಕಳಿಸಿಬಿಟ್ಟರೂ, ಇನ್ನೂ ತಪ್ಪು ಸಾಬೀತಾಗದವರಿಂದಲೇ ಜೈಲುಗಳು ಹೆಚ್ಚುಕಡಿಮೆ ಭರ್ತಿ! ಇದಕ್ಕೆ ಅಪರಾಧದ ಏರಿಕೆಯೊಂದನ್ನೇ ಕಾರಣವಾಗಿ ತೋರಿಸುವ ಹಾಗಿಲ್ಲ. ಮುಗಿಯಬೇಕಾದ ಕೆಲಸ ಮುಗಿಯುತ್ತಿಲ್ಲ.

ಅಧಿಕಾರಿ: ನನ್ನ ಕಡೆಯಿಂದಲೂ ಒಂದು ಮಾತು ಕೇಳಿ. ಹುದ್ದೆ ತುಂಬಲು ಅನುಮತಿ ಬೇಡಿ ಬಂದ ಕಡತಕ್ಕೆ ‘ಸದ್ಯಕ್ಕೆ ಬೇಡ’ ಎಂದು ಬರೆಯುವಾಗ ನಾನು ಯಾರಿಗೂ ಕೇಡು ಬಯಸಿದವನಲ್ಲ. ಶಾಲೆಗೆ ಮೇಷ್ಟ್ರು ಬೇಕು, ಆಸ್ಪತ್ರೆಗೆ ನರ್ಸು ಬೇಕು, ಹಣ ಇರುವುದಿಷ್ಟೇ. ಖಾಲಿ ಹುದ್ದೆಯೆಂದರೆ ಆ ವರ್ಷದ ಮಟ್ಟಿಗೆ ಒಂದು ಉಳಿತಾಯ. ಪೊಲೀಸ್ ಹುದ್ದೆಗೆ ಬೇರೆ ನ್ಯಾಯ ಏಕೆ?

ವಕೀಲೆ: ಆ ಉಳಿತಾಯದ ಹಣವನ್ನು ಯಾರೋ ತೆತ್ತಿರುತ್ತಾರೆ. ಎರಡು ಪಾಳಿ ಒಟ್ಟಿಗೆ ದುಡಿದ ಕಾನ್‌ಸ್ಟೆಬಲ್ ಸ್ವಲ್ಪ ತೆತ್ತ, ಒಳಗೆ ಮತ್ತೊಂದು ತಿಂಗಳು ಕಳೆದವನು ಸ್ವಲ್ಪ ತೆತ್ತ. ನಿಮ್ಮ ಪುಸ್ತಕದಲ್ಲಿ ಅದು ಕಾಣುವುದಿಲ್ಲ, ಅಷ್ಟೆ. ಆಸ್ಪತ್ರೆಗೂ ಜೈಲಿಗೂ ಇರುವ ವ್ಯತ್ಯಾಸ ನನ್ನ ಮಟ್ಟಿಗೆ ಇದು: ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಿಲ್ಲದಿದ್ದರೆ ಬಡವನೂ ಸಾಲ ಮಾಡಿಯಾದರೂ ಇನ್ನೊಂದು ಬಾಗಿಲು ತಟ್ಟಬಹುದು. ಅದು ಅನ್ಯಾಯವೇ, ಆದರೆ ಬಾಗಿಲು ಇದೆ. ಜೈಲಿನೊಳಗಿನವನಿಗೆ ಬೇರೆ ಬಾಗಿಲನ್ನೆಲ್ಲ ಮುಚ್ಚಿದ್ದು ಸರ್ಕಾರ. ಮುಚ್ಚಿದ ಮೇಲೆ ಅವನ ಅನ್ನ, ನೀರು, ಔಷಧಿ, ಕೋರ್ಟಿನ ದಾರಿ ಎಲ್ಲಕ್ಕೂ ಅದೊಂದೇ ಹೊಣೆ. ಬಿಹಾರದ ವಿಚಾರಣಾಧೀನರ ಬಗ್ಗೆ 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ತಮ್ಮ ಮೇಲಿದ್ದ ಆರೋಪಕ್ಕೆ ಕೊಡಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಒಳಗಿದ್ದವರು ಅವರಲ್ಲಿದ್ದರು. ತ್ವರಿತ ವಿಚಾರಣೆ ಬದುಕುವ ಹಕ್ಕಿನ ಭಾಗ, ಹಣವಿಲ್ಲವೆಂಬ ನೆಪದಲ್ಲಿ ಸರ್ಕಾರ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಕೋರ್ಟು ಆಗಲೇ ಹೇಳಿತು. ನಿಮ್ಮ ಪ್ರಶ್ನೆಗೆ ಅಂದೇ ಉತ್ತರ ಬಂದಾಗಿದೆ.

ವಾರ್ಡರ್: ಸಿಬ್ಬಂದಿ ಕಥೆನೂ ಹೇಳಿ ಅಮ್ಮ. ಬೀಗ ಒಳಗಿನವರಿಗೆ ಮಾತ್ರ ಅಲ್ಲ.

ವಕೀಲೆ: ಅಲ್ಲಿಗೇ ಬರುತ್ತಿದ್ದೆ. 1966ರ ಕೇಂದ್ರ ಕಾಯಿದೆಯೊಂದು ಪೊಲೀಸರು ಅನುಮತಿಯಿಲ್ಲದೆ ಸಂಘ ಕಟ್ಟುವುದನ್ನು ತಡೆಯುತ್ತದೆ. ಬಸ್ ನೌಕರ ಮುಷ್ಕರ ಹೂಡಬಹುದು, ಬ್ಯಾಂಕಿನವರು ಹೂಡಬಹುದು, ಕಾನ್‌ಸ್ಟೆಬಲ್ ಹೂಡುವಂತಿಲ್ಲ. 1861ರ ಪೊಲೀಸ್ ಕಾಯಿದೆ ಪೊಲೀಸನನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಎಣಿಸಿತು, ಆ ಭಾವನೆ ಇನ್ನೂ ಠಾಣೆಗಳನ್ನು ಬಿಟ್ಟಿಲ್ಲ. ನಮ್ಮ ಕರ್ನಾಟಕದಲ್ಲೇ 2016ರ ಜೂನ್ 4ರಂದು ಪೊಲೀಸರು ಸಾಮೂಹಿಕ ರಜೆ ಹಾಕಬೇಕೆಂಬ ಕರೆ ಬಂತು. ಸಂಬಳ ಸಾಲದು, ರಜೆ ಸಿಗದು, ಮೇಲಧಿಕಾರಿಗಳ ಕಿರುಕುಳ ತಾಳಲಾರೆವು ಎಂಬುದು ಅವರ ಅಳಲು. ಸರ್ಕಾರ ಬಿಗಿಯಾಗಿ ನಿಂತಿತು, ಬಂಧನವೂ ಆಯಿತು. ಪೊಲೀಸರ ವೇತನ ಪರಿಶೀಲಿಸಿದ ರಾಘವೇಂದ್ರ ಔರಾದ್ಕರ್ ಸಮಿತಿ ಅದೇ ವರ್ಷ ವರದಿ ಕೊಟ್ಟು, ಅದನ್ನು ಏರಿಸಬೇಕೆಂದಿತು. ಆದೇಶ ಹೊರಬಿದ್ದದ್ದು 2019ರ ಜುಲೈನಲ್ಲಿ. ಬಂದ ಮೇಲೂ ಹೊಸಬರಿಗೆ ಸಿಕ್ಕಿದ್ದು ಸೇವೆ ಸವೆಸಿದ ನಮಗೆ ಸಿಗಲಿಲ್ಲವೆಂದು ಹಳಬರು ನೊಂದರು. ಇದು ಕರ್ನಾಟಕಕ್ಕೆ ಮಾತ್ರ ಸೇರಿದ್ದೂ ಅಲ್ಲ, ಇವತ್ತಿನದೂ ಅಲ್ಲ. 1902ರಲ್ಲಿ ಕೂತ ಫ್ರೇಸರ್ ಆಯೋಗವೂ ಕಾನ್‌ಸ್ಟೆಬಲ್‌ನ ಸಂಬಳದ ಮಾತೆತ್ತಿತ್ತು. ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ 1979ರ ಮೊದಲ ವರದಿಯಲ್ಲೇ ಕೆಳಹಂತದ ಪೊಲೀಸರ ವೇತನ, ವಸತಿ, ದುಡಿಮೆಯ ಅವಧಿಗಳನ್ನು ಎತ್ತಿಕೊಂಡಿತು. ಅದೇ ವರ್ಷ ಪಂಜಾಬಿನಲ್ಲಿ ಪೊಲೀಸರು ಬೀದಿಗಿಳಿದರು. ಸುಪ್ರೀಂ ಕೋರ್ಟು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ರಾಜ್ಯ ಭದ್ರತಾ ಆಯೋಗ, ಪೊಲೀಸ್ ದೂರು ಪ್ರಾಧಿಕಾರ ಎಲ್ಲ ಬೇಕೆಂದು ನಿರ್ದೇಶಿಸಿತು. ಇಷ್ಟೆಲ್ಲ ವರದಿಗಳ ಪೈಕಿ ಒಂದಾದರೂ ತಾನೇ ನಡೆದುಕೊಂಡು ಹೋಗಿ ಜಾರಿಯಾಗಲಿಲ್ಲ. ಸಂವಿಧಾನದ ಏಳನೇ ಅನುಸೂಚಿ ಪೊಲೀಸನ್ನೂ ಜೈಲನ್ನೂ ರಾಜ್ಯಗಳ ಕೈಗೆ ಕೊಟ್ಟಿದೆ. ಹಾಗಿರುವಾಗ ಕೂಗಲು ಬಾಯಿಲ್ಲದ ಕಾನ್‌ಸ್ಟೆಬಲ್, ಕೂಗಿದರೂ ಹೊರಗೆ ಕೇಳಿಸದ ಕೈದಿ, ಈ ಇಬ್ಬರ ಪರವಾಗಿ ನೋಡುವ ಕಣ್ಣು ಸರ್ಕಾರದ್ದೇ ಆಗಬೇಕು. ಬೇರೆಯವರಿಗೆ ತಮ್ಮ ಗೋಳನ್ನು ತಾವೇ ಹೇಳಿಕೊಳ್ಳುವ ದಾರಿ ಉಂಟು. ಇವರಿಗೆ ಆ ದಾರಿಯನ್ನು ಕಾನೂನೇ ಕಟ್ಟಿದೆ. ಕಟ್ಟಿದವರು ತಾವಾಗಿ ಹೋಗಿ ಕೇಳಬೇಕು.

ಅಧಿಕಾರಿ: ಹಣ ಕೊಟ್ಟರೂ ಹುದ್ದೆ ತುಂಬದ ಉದಾಹರಣೆ ಇದೆಯಲ್ಲ? ಪಿಎಸ್ಐ ನೇಮಕಾತಿ. 545 ಹುದ್ದೆ. 2021ರ ಅಕ್ಟೋಬರಿನಲ್ಲಿ ಪರೀಕ್ಷೆ, ಮರುವರ್ಷ ಅಕ್ರಮ ಹೊರಬಿತ್ತು, ನೇಮಕಾತಿಯ ಹೊಣೆ ಹೊತ್ತಿದ್ದ ಎಡಿಜಿಪಿಯೇ ಬಂಧಿತರಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.

ವಕೀಲೆ: ಅಷ್ಟು ಕಾಲ ಠಾಣೆಗಳು ಆ 545 ಜನರಿಲ್ಲದೆ ನಡೆದವು. ಪ್ರಾಮಾಣಿಕವಾಗಿ ಓದಿ ಬರೆದವರ ವಯಸ್ಸೂ ಹೋಯಿತು. ಹಣ ಕೊಡುವುದಷ್ಟೇ ಉಸ್ತುವಾರಿಯಲ್ಲ ಎಂದು ನೀವೇ ಹೇಳಿದಂತಾಯಿತು.

ವಾರ್ಡರ್: ಜೈಲು ಅಂದ್ರೆ ಜನಕ್ಕೆ ನೆನಪಾಗೋದು ಪರಪ್ಪನ ಅಗ್ರಹಾರದ ಫೋಟೋ. 2017ರಲ್ಲಿ ಜೈಲು ಇಲಾಖೆ ಡಿಐಜಿ ಆಗಿದ್ದ ರೂಪಾ ಅವರು ಒಳಗೆ ಕೆಲವರಿಗೆ ವಿಶೇಷ ಸವಲತ್ತು ಸಿಗ್ತಿದೆ ಅಂತ ವರದಿ ಕೊಟ್ಟಾಗ ಗದ್ದಲ. 2024ರಲ್ಲಿ ಒಳಗಿದ್ದ ಸಿನಿಮಾ ನಟರೊಬ್ಬರ ಕೈಲಿ ಸಿಗರೇಟು, ಟೀ ಕಪ್ಪು ಕಂಡಾಗ ಮತ್ತೆ ಗದ್ದಲ. ಎಲ್ಲ ವಾರ್ಡರೂ ಕಳ್ಳರು ಅಂದ್ರು. ನನ್ನ ಮಗಳು ಕಾಲೇಜಿಂದ ಬಂದು ‘ಅಪ್ಪ, ನೀನೂ ಹಂಗೇನಾ’ ಅಂತ ಕೇಳಿದಳು.

ಅಧಿಕಾರಿ: ಸಂಬಳ ಏರಿಸಿದರೆ ಲಂಚ ನಿಲ್ಲುತ್ತದೆಯೇ? ನನಗೆ ಆ ನಂಬಿಕೆಯಿಲ್ಲ.

ವಾರ್ಡರ್: ನಿಲ್ಲಲ್ಲ ಸಾರ್. ಆಸೆಗೆ ತಗೊಳ್ಳೋರು ಎಷ್ಟು ಕೊಟ್ಟರೂ ತಗೋತಾರೆ. ಆದರೆ ನೂರಾರು ಜನ ಇರೋ ಬ್ಯಾರಕ್ಕಿಗೆ ರಾತ್ರಿ ಒಬ್ಬನೇ ನಿಂತಾಗ ಏನಾಗುತ್ತೆ ಗೊತ್ತಾ? ಒಳಗೆ ದಾದಾ ಯಾರೋ ಅವನ ಮಾತೇ ನಡೆಯುತ್ತೆ. ಶಾಂತಿಯಾಗಿರಲಿ ಅಂತ ನಾವೂ ಕಣ್ಣು ಮುಚ್ತೀವಿ. ಮೊದಲು ಭಯಕ್ಕೆ ಮುಚ್ಚೋದು, ಆಮೇಲೆ ಅಭ್ಯಾಸ. ಕಾಸು ಬರೋದು ಅದಾದ ಮೇಲೆ.

ವಕೀಲೆ: ಇದನ್ನು ಯಾವುದಾದರೂ ತನಿಖಾ ವರದಿಯ ಮೊದಲ ಪುಟದಲ್ಲಿ ಬರೆಯಬೇಕಿತ್ತು. ಆದರೆ ನಟರ ಸಿಗರೇಟಿನ ಮಾತಿಗೆ ಕೂತರೆ ಸಂಜೆಯಾಗುತ್ತದೆ, ನಾವು ಹೊರಟದ್ದು ಬೇರೆ.

ಅಧಿಕಾರಿ: ಹೌದು, ಯಾರು ನೋಡಬೇಕು ಎಂಬಲ್ಲಿಗೆ ಬರೋಣ. ಮಹಾಲೇಖಪಾಲರಿದ್ದಾರೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯಿದೆ, ಜೈಲುಗಳಿಗೆ ಜಿಲ್ಲಾ ನ್ಯಾಯಾಧೀಶರಿರುವ ಸಂದರ್ಶಕ ಮಂಡಳಿಯಿದೆ. ಇನ್ನೇನು ಬೇಕು?

ವಕೀಲೆ: ನೋಡಿದವರಿಗೆ ಉತ್ತರ ಕೊಡಲೇಬೇಕಾದ ಕಟ್ಟುಪಾಡು ಬೇಕು. ಸಂದರ್ಶಕರು ಪುಸ್ತಕದಲ್ಲಿ ಬರೆಯುತ್ತಾರೆ: ಶೌಚಾಲಯ ಸಾಲದು, ವೈದ್ಯರಿಲ್ಲ. ಮುಂದಿನ ಸಲ ಬಂದಾಗ ಅದೇ ಸಾಲನ್ನು ಮತ್ತೆ ಬರೆಯುತ್ತಾರೆ. ಹಣ ಹಿಡಿದಿರುವವರೇ ತಪಾಸಣೆಯನ್ನೂ ಮಾಡಿದರೆ ಕೊರತೆ ಅವರ ಕಣ್ಣಿಗೆ ಮಿತವ್ಯಯವಾಗಿ ಕಾಣುತ್ತದೆ. ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಬಜೆಟ್ ಅಧಿವೇಶನದಲ್ಲಿ ಗೃಹ ಸಚಿವರು ಸದನದ ಮುಂದೆ ಒಂದೇ ಕಾಗದದಲ್ಲಿ ಇಷ್ಟನ್ನು ಇಡಲಿ: ಎಷ್ಟು ಹುದ್ದೆ ಖಾಲಿ, ಎಸ್ಕಾರ್ಟ್ ಇಲ್ಲದೆ ಎಷ್ಟು ವಾಯಿದೆ ಮುಂದೆ ಹೋಯಿತು, ಅದರಿಂದ ಎಷ್ಟು ಜನ ಎಷ್ಟು ದಿನ ಹೆಚ್ಚಿಗೆ ಒಳಗಿದ್ದರು. ಮೂರನ್ನೂ ಒಟ್ಟಿಗೆ ಓದಿದ ಶಾಸಕ ‘ಸದ್ಯಕ್ಕೆ ಬೇಡ’ ಎನ್ನಲು ಹಿಂಜರಿಯುತ್ತಾನೆ.

ಅಧಿಕಾರಿ: ಆ ಕಾಗದ ನನ್ನ ಮೇಜಿಗೆ ಬಂದಿದ್ದರೆ ನಾನೂ ಬೇರೆ ಬರೆಯುತ್ತಿದ್ದೆ. ಆದರೆ ಶಾಸಕ ಓದದಿದ್ದರೆ?

ವಕೀಲೆ: ಆಗ ಕೋರ್ಟು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ನೋಡಿ. ಮರಣದಂಡನೆ, ಜೀವಾವಧಿಯ ಪ್ರಕರಣಗಳನ್ನು ಬಿಟ್ಟರೆ, ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡುಗಡೆಗೆ ಅರ್ಹ. ಆದರೆ ಆರೋಪಿಯಿಂದಲೇ ವಿಳಂಬವಾಗಿದ್ದರೆ ಆ ದಿನಗಳನ್ನು ಲೆಕ್ಕದಿಂದ ಕಳೆಯುತ್ತಾರೆ. ಅವನ ವಿಳಂಬಕ್ಕೆ ಅವನು ತೆರುತ್ತಾನೆ. ಸರ್ಕಾರದಿಂದಾದ ವಿಳಂಬಕ್ಕೆ ಸರ್ಕಾರ ಏನು ತೆರುತ್ತದೆ? ಎಸ್ಕಾರ್ಟ್ ಇಲ್ಲದೆ ವಾಯಿದೆ ತಪ್ಪಿದ ಪ್ರತಿ ದಿನವನ್ನೂ ಆರೋಪಿಯ ಪರವಾಗಿ ಎರಡು ದಿನವೆಂದು ಎಣಿಸಲಿ. ಖಾಲಿ ಹುದ್ದೆಗಳು ಆಗ ಬೇಗ ತುಂಬುತ್ತವೆ.

ವಾರ್ಡರ್: ದೂರು ಕೊಟ್ಟ ಹೆಣ್ಣುಮಗಳೂ ಅದೇ ದಿನ ಕೋರ್ಟಿನ ಹೊರಗೆ ಕಾದು ವಾಪಸ್ ಹೋಗಿರ್ತಾಳೆ ಅಮ್ಮ. ಸರ್ಕಾರ ಗಾರ್ಡ್ ಕಳಿಸಲಿಲ್ಲ ಅಂತ ಅವನು ಬೇಗ ಹೊರಗೆ ಬಂದರೆ, ಆ ದಂಡ ಕಟ್ಟಿದ್ದು ಸರ್ಕಾರಾನಾ, ಅವಳಾ?

ಅಧಿಕಾರಿ: ಇದಕ್ಕೇನು ಹೇಳುತ್ತೀರಿ?

ವಕೀಲೆ: ಅವಳಿಗೆ ಕೊಡಬೇಕಾದ್ದನ್ನು ಅವನ ದಿನಗಳಿಂದ ಕೊಡಲಾಗದು. ಬೇರೆ ಕಡೆಯಿಂದ ಬರಬೇಕು. ಎಲ್ಲಿಂದ ಎಂದು ಯೋಚಿಸಬೇಕು, ಸ್ವಲ್ಪ ತಾಳಿ.