ಮುಖ ಮರಳಿತು, ಮನುಷ್ಯ ಮರಳಿದನೇ?

ವಸ್ತುಸಂಗ್ರಹಾಲಯದ ಗಾಜಿನ ಮುಂದೆ ಒಬ್ಬ ಹೆಣ್ಣುಮಗಳು ಅಳುತ್ತ ನಿಂತಿದ್ದಾಳೆ. ಗಾಜಿನಾಚೆ ಇರುವುದು ಮುನ್ನೂರು ವರ್ಷ ಹಳೆಯ ಚಿತ್ರ. ಅದರೊಳಗೆ ಅವಳೂ ಇದ್ದಾಳೆ. ತಿರುಗಿದರೆ, ಆ ಕಾಲದಲ್ಲಿ ಅವಳು ಪ್ರೀತಿಸಿದ್ದ ರಾಜಕುಮಾರನದೇ ಮುಖದ ಗಂಡಸೊಬ್ಬ ಎದುರಿಗಿದ್ದಾನೆ. ಅವನು ಒಂದು ಗಳಿಗೆ ನೋಡುತ್ತಾನೆ. ಗುರುತು ಹತ್ತುವುದಿಲ್ಲ. ಹೊರಟುಹೋಗುತ್ತಾನೆ.

2011ರಲ್ಲಿ ಚೀನಾದಲ್ಲಿ ಮನೆಮಾತಾದ ‘ಬು ಬು ಜಿಂಗ್ ಶಿನ್’ ಧಾರಾವಾಹಿ ಮುಗಿಯುವುದು ಹೀಗೆ. ಟೊಂಗ್ ಹುವಾ ಎಂಬ ಲೇಖಕಿಯ ಕಾದಂಬರಿ ಅದಕ್ಕೆ ಆಧಾರ. ಇಂದಿನ ಕಾಲದ ಹುಡುಗಿ ಅಪಘಾತವೊಂದರಲ್ಲಿ ಪ್ರಜ್ಞೆ ತಪ್ಪಿ, ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ ರುವೊಶಿ ಎಂಬ ಹೆಸರಿನಲ್ಲಿ ಕಣ್ಣು ಬಿಡುತ್ತಾಳೆ. ಚಕ್ರವರ್ತಿಗೆ ಚಹಾ ಕೊಡುವ ಊಳಿಗದಲ್ಲಿ ಸೇರುತ್ತಾಳೆ. ಮುಂದೆ ಯೊಂಗ್‌ಝೆಂಗ್ ಎಂಬ ಹೆಸರಿನಲ್ಲಿ 1722ರಿಂದ 1735ರವರೆಗೆ ಆಳಿದ ನಾಲ್ಕನೆಯ ರಾಜಕುಮಾರನಿಗೆ ಮನಸ್ಸು ಕೊಡುತ್ತಾಳೆ. ಯಾರು ಗೆಲ್ಲುತ್ತಾರೆ, ಯಾರು ಸೆರೆಯಲ್ಲಿ ಕೊಳೆಯುತ್ತಾರೆ ಎಂಬುದೆಲ್ಲ ಇತಿಹಾಸ ಓದಿದ ಅವಳಿಗೆ ಮೊದಲೇ ಗೊತ್ತು. ಗೊತ್ತಿದ್ದರೂ ಒಂದನ್ನೂ ತಪ್ಪಿಸಲಾರಳು.

ನೋಡುಗರಿಗೆ ಆ ಕೊನೆ ಸಹಿಸಲಾಗಲಿಲ್ಲ. 2014ರಲ್ಲಿ ಮುಂದಿನ ಭಾಗ ಬಂತು. ನಾಯಕಿ ಲಿಯು ಶಿಶಿ, ನಾಯಕ ನಿಕಿ ವು, ಇಬ್ಬರೂ ಅವರೇ. ಆದರೆ ಅರಮನೆ ಹೋಗಿ ಆಧುನಿಕ ನಗರ ಬಂತು, ಸಿಂಹಾಸನದ ಜಗಳ ಹೋಗಿ ಕಂಪನಿಯ ಜಗಳ ಬಂತು. ಗುರುತು ಹತ್ತದೆ ಹೋದವನನ್ನು ಮತ್ತೆ ಅವಳ ಬದುಕಿನೊಳಗೆ ಕರೆತಂದರು. ಮೊದಲ ಭಾಗಕ್ಕೆ ಸಿಕ್ಕ ಮನ್ನಣೆ ಇದಕ್ಕೆ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದು ಟೀವಿಯವರ ಲೆಕ್ಕಾಚಾರಕ್ಕೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ. ಪ್ರೀತಿಸಿದ್ದು ಮುಖವನ್ನೋ ಮನುಷ್ಯನನ್ನೋ ಎಂಬ ಹಳೆಯ ಪ್ರಶ್ನೆ ಅದರ ಬುಡದಲ್ಲಿದೆ.

ಹಾಸನ ಸೀಮೆಯವರಿಗೆ ಈ ಪ್ರಶ್ನೆ ದೂರದ್ದಲ್ಲ. ಇಲ್ಲಿಯೂ ಮುಗಿದುಹೋದ ಒಂದು ಪ್ರೇಮಕಥೆಯಿದೆ. ಅದನ್ನು ಮುಗಿಯಗೊಡದೆ ಒಂದು ನಾಡೇ ಹಿಡಿದುಕೊಂಡಿದೆ. ಹೊಯ್ಸಳ ಅರಸ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಹೇಗೆ ತೀರಿಕೊಂಡಳೆಂದು ಅದು ಬಿಡಿಸಿ ಹೇಳುವುದಿಲ್ಲ. ಬೆಟ್ಟದ ತುದಿಯಿಂದ ಹಾರಿದಳೆಂದು ಜನ ಹೇಳುತ್ತಾರೆ. ಶಾಸನ ಬಿಟ್ಟ ಜಾಗವನ್ನು ಜನ ತುಂಬಿದರು, ಆಮೇಲೆ ಕಾದಂಬರಿಕಾರರು ತುಂಬಿದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಕಟ್ಟುಮಸ್ತಾದ ಮೈಗೆ ಹೆಸರಾಗಿದ್ದ ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು. ಸಿ.ಕೆ. ನಾಗರಾಜರಾವ್ ಅವಳ ಮೇಲೆ ಬೃಹತ್ ಕಾದಂಬರಿಯನ್ನೇ ಬರೆದು, 1983ರಲ್ಲಿ ಮೊತ್ತಮೊದಲ ಮೂರ್ತಿದೇವಿ ಪ್ರಶಸ್ತಿ ಪಡೆದರು. ಬೇಲೂರಿನಲ್ಲಿ ಇಂದಿಗೂ ಗೈಡುಗಳು ದರ್ಪಣಸುಂದರಿಯ ಕೆಳಗೆ ನಿಂತು, ಕನ್ನಡಿ ಹಿಡಿದ ಈ ಚೆಲುವೆಯೇ ಶಾಂತಲೆ ಎಂದು ತೋರಿಸುತ್ತಾರೆ. ಕತ್ತೆತ್ತಿದ ಪ್ರವಾಸಿಗರು ಫೋನು ಮೇಲಕ್ಕೆ ಹಿಡಿಯುತ್ತಾರೆ.

ಅಂದರೆ ನಾವೂ ಮುಖವನ್ನೇ ಹುಡುಕುತ್ತಿದ್ದೇವೆ.

ಶಾಸನದ ಕಲ್ಲು ಕೊಡುವುದು ಬೇರೆಯದನ್ನು. ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ, 1123ರಲ್ಲಿ ಚಂದ್ರಗಿರಿಯ ಮೇಲೆ ಮಗಳು ಕಟ್ಟಿಸಿದ ಶಾಂತಿನಾಥನ ಬಸದಿ, ಅದಕ್ಕೆ ಬಿಟ್ಟ ದತ್ತಿ. ಬಸದಿಯ ಹೆಸರು ಸವತಿಗಂಧವಾರಣ. ಅದು ಅವಳ ಬಿರುದಿನಿಂದಲೇ ಬಂದದ್ದು. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ ಎಂದು ಅದರರ್ಥ. ಒಬ್ಬನಿಗೊಬ್ಬಳೇ ಎಂದು ಹಾಡುವ ನಮ್ಮ ಪ್ರೇಮಕಲ್ಪನೆಗೆ ಈ ಬಿರುದು ಹೊಂದುವುದೇ ಇಲ್ಲ. ಸವತಿಯರ ನಡುವೆ ತಲೆಯೆತ್ತಿ ಬಾಳಿದ ಹೆಣ್ಣು ಅವಳು. ಆ ಅರಮನೆ, ಆ ಸವತಿಯರು, ಶಿವ-ಜಿನರ ನಡುವೆ ಹಂಚಿಹೋದ ಆ ತವರುಮನೆ, ಇಷ್ಟನ್ನೂ ತೆಗೆದುಹಾಕಿ, ದರ್ಪಣಸುಂದರಿಯ ಮುಖವೊಂದನ್ನೇ ಹಾಸನದ ಕಾಲೇಜು ಹುಡುಗಿಯೊಬ್ಬಳಿಗೆ ಅಂಟಿಸಿ ‘ಇವಳೇ ಶಾಂತಲೆ’ ಎಂದರೆ, ಹೆಸರೊಂದನ್ನು ಬಿಟ್ಟು ಶಾಂತಲೆಯದೆಂದು ಏನು ಉಳಿಯಿತು?

ರುವೊಶಿಯ ಕಥೆಯಲ್ಲಿ ಕಳೆದುಹೋದದ್ದೂ ಇದೇ. ಸೆರೆಗೆ ಬಿದ್ದ ಹದಿಮೂರನೆಯ ರಾಜಕುಮಾರನಿಗಾಗಿ ಅರಸನಲ್ಲಿ ಬೇಡುತ್ತ ಅವಳು ಸುರಿಯುವ ಮಳೆಯಲ್ಲಿ ಮಂಡಿಯೂರಿದಾಗ, ನಾಲ್ಕನೆಯ ರಾಜಕುಮಾರ ಬಂದು ಜೊತೆಗೆ ನೆನೆಯುತ್ತಾನೆ. ಅರಸನ ಕಣ್ಣಿಗೆ ಬಿದ್ದರೆ ಪಟ್ಟ ಕೈತಪ್ಪಬಹುದು. ಬಾಯಲ್ಲಿ ಒಂದು ಮಾತಿಲ್ಲ. ಆ ನೆನೆದ ಬಟ್ಟೆಯೇ ಅವನ ಮಾತು. ಎರಡನೆಯ ಭಾಗದ ಸೂಟುಬೂಟಿನ ಗಂಡಸು ಆ ಮಳೆಯಲ್ಲಿ ನೆನೆದವನಲ್ಲ. ಮೂಗು, ಕಣ್ಣು, ಗಲ್ಲ ಎಲ್ಲ ಅದೇ ಇರಬಹುದು. ಅವಳಿಗಾಗಿ ಅವನು ಕೊಟ್ಟ ಬೆಲೆ ಇವನ ಲೆಕ್ಕದಲ್ಲಿಲ್ಲ.

ಇದಕ್ಕೆ ಬಲವಾದ ಎದುರುವಾದವೂ ಉಂಟು. ಋಣಾನುಬಂಧ, ಜನ್ಮಜನ್ಮಾಂತರ ಎಂಬ ಮಾತುಗಳನ್ನು ದಿನಬೆಳಗಾದರೆ ಆಡುವ ನಮಗೆ, ಮರಳಿ ಬರುವ ಪ್ರೀತಿ ಸುಳ್ಳೆನಿಸುವುದಿಲ್ಲ. ಹಾಸನದಲ್ಲೇ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ ತೆರೆಯುತ್ತದೆ. ಹೋದ ವರ್ಷ ಹಚ್ಚಿದ ದೀಪ ಆರಿಲ್ಲ, ಮುಡಿಸಿದ ಹೂ ಬಾಡಿಲ್ಲ ಎಂಬ ನಂಬಿಕೆ ಹೊತ್ತು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದೆಲ್ಲ ಜನ ಬಂದು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಪ್ರೀತಿಸಿದ್ದನ್ನು ಕಾಲ ಮುಟ್ಟದಿರಲಿ ಎಂಬ ಈ ಹಂಬಲ ದೊಡ್ಡದು. ಚೀನಾದ ಆ ನೋಡುಗರ ಹಂಬಲವೂ ಇದಕ್ಕಿಂತ ಕೀಳಲ್ಲ. ಅವರು ಕೇಳಿದ್ದು ಅತ್ತ ಹುಡುಗಿಗೆ ಒಂದಿಷ್ಟು ಸುಖ.

ಆದರೆ ಮರಳಿ ಬರುವ ಪ್ರೀತಿಯ ಕಥೆ ಹೇಳಿದ ನಮ್ಮ ಹಳಬರು ಸುಲಭದ ದಾರಿ ಹಿಡಿಯಲಿಲ್ಲ. ಬಾಣನ ‘ಕಾದಂಬರಿ’ಯನ್ನು ಸಾವಿರ ವರ್ಷದ ಹಿಂದೆಯೇ ಕನ್ನಡಕ್ಕೆ ತಂದವನು ನಾಗವರ್ಮ. ಅದರಲ್ಲಿ ಪುಂಡರೀಕ ಸತ್ತು ವೈಶಂಪಾಯನನಾಗಿ ಹುಟ್ಟುತ್ತಾನೆ. ಅಚ್ಛೋದ ಸರೋವರದ ದಡದಲ್ಲಿ ತನಗಾಗಿಯೇ ತಪಸ್ಸು ಮಾಡುತ್ತಿರುವ ಮಹಾಶ್ವೇತೆಯ ಬಳಿಗೆ, ಯಾಕೆಂದು ತನಗೇ ತಿಳಿಯದೆ, ಬರುತ್ತಾನೆ. ಅವಳು ಗುರುತಿಸಲಿಲ್ಲ. ಯಾವನೋ ಪೀಡಿಸುತ್ತಿದ್ದಾನೆಂದು ಸಿಟ್ಟಾಗಿ ಗಿಳಿಯಾಗು ಎಂದು ಶಪಿಸಿಬಿಟ್ಟಳು. ಕಾಯುತ್ತಿದ್ದವನನ್ನೇ ಕೈಯಾರೆ ಕಳೆದುಕೊಂಡಳು. ಜೀವ ಅದೇ ಇದ್ದರೂ ನೆನಪಿಲ್ಲದಿದ್ದರೆ ಅವನು ಪರಕೀಯನೇ ಎಂಬುದನ್ನು ಕವಿ ಕಂಡಿದ್ದ. ಕೊನೆಗೆ ಅವರನ್ನು ಕೂಡಿಸಬೇಕಾದಾಗ ಪುಂಡರೀಕನ ಹಳೆಯ ದೇಹ, ಹಳೆಯ ನೆನಪು ಎರಡನ್ನೂ ವಾಪಸು ತರಬೇಕಾಯಿತು. ಹೋಲುವ ಮುಖವೊಂದು ಸಾಕಾಗಲಿಲ್ಲ.

ಹೊಯ್ಸಳರ ಆಸ್ಥಾನದ ಜನ್ನ 1209ರ ‘ಯಶೋಧರ ಚರಿತೆ’ಯಲ್ಲಿ ಇನ್ನೂ ಕಠಿಣ. ಅಲ್ಲಿ ಮರುಹುಟ್ಟು ಬರುವುದು ಕೂಡಿಬಾಳುವುದಕ್ಕಲ್ಲ, ಸಾಲ ತೀರಿಸುವುದಕ್ಕೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸ ನವಿಲಾಗಿ ಹುಟ್ಟಿ ತನ್ನದೇ ಅರಮನೆಗೆ ಬರುತ್ತಾನೆ. ಮಾವುತನ ಜೊತೆಗಿರುವ ಹೆಂಡತಿಯನ್ನು ಕಾಣುತ್ತಾನೆ. ಗುರುತು ಸಿಗುತ್ತದೆ. ಆ ಗುರುತಿನಿಂದ ಸುಖ ಹುಟ್ಟುವುದಿಲ್ಲ, ಕೇಡು ಹುಟ್ಟುತ್ತದೆ.

ಈ ಜನ್ನನೇ ಒಂದು ರೀತಿಯಲ್ಲಿ ಶಾಂತಲೆಯ ಕಥೆಯ ಮುಂದಿನ ಭಾಗಕ್ಕೆ ಸೇರಿದವನು. ವಿಷ್ಣುವರ್ಧನನ ನಂತರ ಪಟ್ಟಕ್ಕೆ ಬಂದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ. ನರಸಿಂಹನ ಮಗ ವೀರಬಲ್ಲಾಳ. ಅವನ ಆಸ್ಥಾನದಲ್ಲಿ ಕೂತು ಜನ್ನ ಬರೆದ. ಇತಿಹಾಸ ಕಥೆಯನ್ನು ಮುಂದುವರಿಸುವುದು ಹೀಗೆ: ಸವತಿಯ ಮಗನಿಂದ, ಮೊಮ್ಮಗನಿಂದ, ಸತ್ತವಳನ್ನು ನೋಡಿಯೇ ಇರದ ಕವಿಯಿಂದ. ಹೋದವರು ಮರಳುವುದಿಲ್ಲ, ಅವರು ಖಾಲಿ ಮಾಡಿಹೋದ ಜಾಗದಲ್ಲಿ ಇದ್ದವರು ಬದುಕುತ್ತಾರೆ. ಈ ಬಗೆಯ ಮುಂದಿನ ಭಾಗವನ್ನು ಬರೆಯುವುದು ಕಷ್ಟ, ಟೀವಿಗೆ ಮಾರುವುದು ಇನ್ನೂ ಕಷ್ಟ. ಸತ್ಯವಿರುವುದು ಮಾತ್ರ ಅಲ್ಲೇ.

ಆ ವಸ್ತುಸಂಗ್ರಹಾಲಯದ ದೃಶ್ಯ ದೊಡ್ಡದಾಗುವುದೂ ಇದರಿಂದಲೇ. ಗುರುತು ಹತ್ತದೆ ಹೋದವನು ತಪ್ಪು ಮಾಡಲಿಲ್ಲ. ಅವನು ಅವನಲ್ಲ ಎಂಬ ನಿಜವನ್ನು ಆ ನಡಿಗೆಯೇ ಹೇಳಿತು. ಅಳುವ ಹುಡುಗಿಗೆ ಬೇಕಿದ್ದದ್ದು ಅದೇ ಮುಖದ ಇನ್ನೊಬ್ಬ ಗಂಡಸಲ್ಲ. ತಾನು ಪ್ರೀತಿಸಿದ್ದು ನಿಜವಾಗಿಯೂ ನಡೆದಿತ್ತು ಎಂಬುದಕ್ಕೆ ಒಂದು ಸಾಕ್ಷಿ. ಗಾಜಿನೊಳಗಿನ ಚಿತ್ರ ಅದನ್ನು ಕೊಟ್ಟಾಗಿತ್ತು.

ಶಾಂತಲೆಯನ್ನು ಇಂದಿನ ಹಾಸನಕ್ಕೆ ಕರೆತಂದು ಧಾರಾವಾಹಿ ಮಾಡುವ ಆಸೆ ನಾಳೆ ಯಾರಿಗಾದರೂ ಬರಬಹುದು. ಬರಲಿ. ಅವರು ಬೇಲೂರಿನ ಕನ್ನಡಿಯ ಚೆಲುವೆಯನ್ನು ನೋಡುವ ಮೊದಲು ಚನ್ನರಾಯಪಟ್ಟಣದ ಬಸ್ಸು ಹತ್ತಿ ಶ್ರವಣಬೆಳಗೊಳಕ್ಕೆ ಹೋಗಲಿ. ಗೊಮ್ಮಟನ ಎದುರಿನ ಚಿಕ್ಕಬೆಟ್ಟ, ಅಂದರೆ ಆ ಚಂದ್ರಗಿರಿ, ಏರಲಿ. ಶಾಂತಲೆಯ ಸಾವಿನ ಮುಂದಿನ ಭಾಗವನ್ನು ಬೆಳಗೊಳದ ಶಾಸನವೇ ಬರೆದಿಟ್ಟಿದೆ, ಮತ್ತು ಅದರಲ್ಲಿರುವುದು ಪ್ರಿಯಕರನ ಮರುಹುಟ್ಟಲ್ಲ, ಹೆತ್ತ ತಾಯಿ. ಮಗಳು ಹೋದ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಸನ್ಯಸನ ವ್ರತ ಹಿಡಿದು, ಒಂದು ತಿಂಗಳು ಉಪವಾಸವಿದ್ದು, ಪ್ರಾಣ ಬಿಟ್ಟಳು.