ಸಹನೆ ಅವಳದು, ಹೊಣೆ ನಮ್ಮದು

ಸೈನಿಕನ ಪತ್ನಿಯ ಕುರಿತು ಮಾತು ಬಂದಾಗ ನಮ್ಮ ನಾಲಗೆಯ ಮೇಲೆ ಮೊದಲು ಬರುವ ಪದ 'ತ್ಯಾಗ'. ಸ್ವಾತಂತ್ರ್ಯೋತ್ಸವದ ದಿನ ಶಾಲೆಯ ಅಂಗಳದಲ್ಲಿ, ಹುತಾತ್ಮನಾದ ಯೋಧನ ಮನೆಯ ಮುಂದೆ ಸೇರಿದ ಜನರ ನಡುವೆ, ಸನ್ಮಾನ ಸಭೆಗಳಲ್ಲಿ ಈ ಪದ ಧಾರಾಳವಾಗಿ ಕೇಳಿಬರುತ್ತದೆ. ಪದವೇನೋ ದೊಡ್ಡದು. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ತ್ಯಾಗ ಮಾಡಿದವಳನ್ನು ಹೊಗಳಿದರೆ ನಮ್ಮ ಕರ್ತವ್ಯ ಮುಗಿಯಿತೇ? ಅಥವಾ ಆ ಹೊಗಳಿಕೆ ಅವಳ ಋಣದಿಂದ ಅಗ್ಗದಲ್ಲಿ ಪಾರಾಗಲು ನಾವು ಹುಡುಕಿಕೊಂಡ ದಾರಿಯೇ?

ನಮ್ಮ ಮೈಸೂರು ನಗರದಲ್ಲಿ ಲಷ್ಕರ್ ಮೊಹಲ್ಲಾ ಎಂಬ ಬಡಾವಣೆಯಿದೆ. ದಿನವೂ ಸಾವಿರಾರು ಜನ ಅದರ ಹೆಸರು ಹೇಳಿ ಬಸ್ಸು, ಆಟೋ ಹತ್ತುತ್ತಾರೆ. ಲಷ್ಕರ್ ಎಂದರೆ ಸೈನ್ಯ. ಸೈನ್ಯದ ಹೆಸರು ಊರಿನಲ್ಲಿ ಉಳಿಯಿತು. ಆದರೆ ಸೈನಿಕರು ದೂರ ಹೋದಾಗ ಮನೆಯ ಒಲೆ ಆರದಂತೆ ನೋಡಿಕೊಂಡ ಹೆಂಗಸರ ನೆನಪಿಗೆ ಯಾವ ಬೀದಿಯ ಹೆಸರೂ ಇಲ್ಲ. ಮೊದಲನೆಯ ಮಹಾಯುದ್ಧ ಆರಂಭವಾದ 1914ರಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಸಮುದ್ರ ದಾಟಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಅಂದಿನ ಪ್ಯಾಲೆಸ್ಟೈನಿನ ಹೈಫಾ ನಗರದ ಕಾಳಗದಲ್ಲಿ ಜೋಧಪುರದ ದಳದೊಡನೆ ಅದು ಪಾಲ್ಗೊಂಡಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿ ಚೌಕದಲ್ಲಿಯೂ ಅದರ ನೆನಪಿದೆ. ಹೊರಟ ದಿನದಿಂದ ಹೈಫಾದವರೆಗೆ ನಾಲ್ಕು ವರ್ಷ. ಆ ನಾಲ್ಕು ವರ್ಷ ಸವಾರರ ಮನೆಗಳಲ್ಲಿ ಮಕ್ಕಳಿಗೆ ಉಣಿಸಿದವರು, ಅತ್ತೆ ಮಾವಂದಿರ ಕಾಯಿಲೆ ನೋಡಿದವರು, ಸಾಲಗಾರನಿಗೆ ಉತ್ತರ ಕೊಟ್ಟವರು ಯಾರು? ಚರಿತ್ರೆ ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಉಮರ್(ರ) ಕೇಳಿದ ಪ್ರಶ್ನೆ

ಈ ನಾಲ್ಕು ವರ್ಷಗಳನ್ನು ನೆನೆಯುವಾಗ ಇಸ್ಲಾಮೀ ಚರಿತ್ರೆಯ ಒಂದು ಪ್ರಸಿದ್ಧ ಘಟನೆ ಕಣ್ಣ ಮುಂದೆ ಬರುತ್ತದೆ. ದ್ವಿತೀಯ ಖಲೀಫಾ ಹಝ್ರತ್ ಉಮರ್(ರ) ರಾತ್ರಿಯ ಹೊತ್ತು ಮದೀನಾದ ಬೀದಿಗಳಲ್ಲಿ ಪ್ರಜೆಗಳ ಸುಖದುಃಖ ತಿಳಿಯಲು ಸುತ್ತುತ್ತಿದ್ದರು. ಒಂದು ಮನೆಯೊಳಗಿನಿಂದ ಹೆಣ್ಣೊಬ್ಬಳು ತನ್ನ ಒಂಟಿತನವನ್ನು ಹಾಡಿಕೊಂಡು ನರಳುವುದು ಅವರ ಕಿವಿಗೆ ಬಿತ್ತು. ವಿಚಾರಿಸಿದಾಗ ಅವಳ ಗಂಡ ಬಹುಕಾಲದಿಂದ ಸೈನ್ಯದಲ್ಲಿ ದೂರವಿರುವುದು ತಿಳಿಯಿತು. ಖಲೀಫರು ಮಗಳಾದ ಹಝ್ರತ್ ಹಫ್ಸಾ(ರ)ರ ಬಳಿಗೆ ಹೋಗಿ, ಪತಿಯಿಲ್ಲದೆ ಒಬ್ಬ ಸ್ತ್ರೀ ಎಷ್ಟು ಕಾಲ ತಾಳಿಕೊಳ್ಳಬಲ್ಲಳೆಂದು ಕೇಳಿದರು. ಉತ್ತರ ನಾಲ್ಕು ತಿಂಗಳೆಂದು ಕೆಲವು ವರದಿಗಳಲ್ಲಿಯೂ, ಆರು ತಿಂಗಳೆಂದು ಬೇರೆ ಕೆಲವು ವರದಿಗಳಲ್ಲಿಯೂ ಇದೆ. ಅದಕ್ಕಿಂತ ಹೆಚ್ಚು ಕಾಲ ವಿವಾಹಿತ ಸೈನಿಕರನ್ನು ಮನೆಯಿಂದ ದೂರ ಇರಿಸಬಾರದೆಂದು ಅವರು ಆಜ್ಞೆ ಹೊರಡಿಸಿದರು.

ಈ ಘಟನೆಯನ್ನು ನಾವು ಖಲೀಫರ ನ್ಯಾಯಪ್ರಜ್ಞೆಗೆ ಉದಾಹರಣೆಯಾಗಿ ಹೇಳುತ್ತೇವೆ. ಆದರೆ ಅವರು ಏನು ಮಾಡಲಿಲ್ಲ ಎಂಬುದನ್ನೂ ಗಮನಿಸಬೇಕು. ಬಾಗಿಲು ತಟ್ಟಿ 'ಸಹನೆಯಿಂದಿರು ತಾಯಿ' ಎಂದು ಅವರು ಉಪದೇಶಿಸಲಿಲ್ಲ. ಅವಳ ಹಾಡಿನಲ್ಲಿ ತಪ್ಪು ಹುಡುಕಲಿಲ್ಲ. ಅವಳ ತ್ಯಾಗವನ್ನು ಮಿಂಬರಿನ ಮೇಲೆ ಹೊಗಳಿ ಕೈತೊಳೆದುಕೊಳ್ಳಲೂ ಇಲ್ಲ. ಅವಳ ನೋವನ್ನು ರಾಜ್ಯದ ನಿಯಮದಲ್ಲಿರುವ ಕೊರತೆಯೆಂದು ತಿಳಿದು, ನಿಯಮವನ್ನೇ ಬದಲಿಸಿದರು.

ಸಹನೆ ಒಂದು ದೊಡ್ಡ ಗುಣ. ಸಹನಶೀಲರ ಜೊತೆ ಅಲ್ಲಾಹನಿದ್ದಾನೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಹೇಳಿದೆ. ಆದರೆ ಸಹನೆಯೆಂಬುದು ಕಷ್ಟದಲ್ಲಿರುವವರು ತಮ್ಮ ಹೃದಯಕ್ಕೆ ಹೇಳಿಕೊಳ್ಳಬೇಕಾದ ಮಾತು. ದಡದಲ್ಲಿ ನಿಂತವನು ಮುಳುಗುತ್ತಿರುವವನಿಗೆ ಅದನ್ನೇ ಹೇಳಿದರೆ ಅದು ಉಪದೇಶವಲ್ಲ, ನಿರ್ದಯತೆ. 'ಅಲ್‌ಬಲದ್' ಅಧ್ಯಾಯದಲ್ಲಿ ಸತ್ಯವಿಶ್ವಾಸಿಗಳ ಗುಣ ಹೇಳುವಾಗ, ಅವರು ಪರಸ್ಪರ ಸಹನೆಯನ್ನೂ ಕರುಣೆಯನ್ನೂ ಬೋಧಿಸುವವರೆಂದು ಎರಡನ್ನೂ ಒಟ್ಟಿಗೆ ಹೇಳಲಾಗಿದೆ. ನಾವು ಮೊದಲರ್ಧವನ್ನು ಅವಳಿಗೆ ಕೊಟ್ಟು, ಎರಡನೆಯ ಅರ್ಧವನ್ನು ಮರೆತಿದ್ದೇವೆ.

ಮನೆಯೆಂಬ ಕಾವಲು ಠಾಣೆ

ಸೈನಿಕನ ಪತ್ನಿಯ ಬದುಕು ಹೊರಗಿನಿಂದ ಕಾಣುವುದಕ್ಕಿಂತ ಬೇರೆ. ಗಂಡನನ್ನು ಶಾಂತ ಪ್ರದೇಶಕ್ಕೆ ಹಾಕಿದಾಗ ಅವಳು ಜೊತೆಗೆ ಹೋಗಬಹುದು. ಗಡಿಗೆ ಹಾಕಿದರೆ ಮಕ್ಕಳೊಡನೆ ಊರಿನಲ್ಲಿ ಉಳಿಯಬೇಕು. ವರ್ಗಾವಣೆಯಾದಂತೆಲ್ಲ ಮಕ್ಕಳ ಶಾಲೆ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ. ಮಗುವಿಗೆ ನಡುರಾತ್ರಿ ಜ್ವರ ಏರಿದರೆ ಯಾವ ಆಸ್ಪತ್ರೆಗೆ ಹೋಗಬೇಕೆಂಬ ತೀರ್ಮಾನ ಅವಳದೇ. ಬ್ಯಾಂಕು, ರೇಷನ್ ಅಂಗಡಿ, ಮನೆ ಬಾಡಿಗೆ, ನಾದಿನಿಯ ಮದುವೆಯ ಮಾತುಕತೆ ಎಲ್ಲಕ್ಕೂ ಅವಳೇ ನಿಲ್ಲಬೇಕು. ವರ್ಷದಲ್ಲಿ ಕೆಲವು ವಾರ ಗಂಡ ರಜೆಯಲ್ಲಿ ಬಂದಾಗ ಚಿಕ್ಕ ಮಗು ಅವನನ್ನು ಗುರುತಿಸದೆ ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಮಗು ತಂದೆಗೆ ಹೊಂದಿಕೊಳ್ಳುವಷ್ಟರಲ್ಲಿ ರಜೆ ಮುಗಿದಿರುತ್ತದೆ.

ಇಷ್ಟೆಲ್ಲ ಮಾಡುವ ಹೆಣ್ಣನ್ನು ನಮ್ಮ ಮೊಹಲ್ಲಾ ಹೇಗೆ ನೋಡುತ್ತದೆ? ಕೈಜೋಡಿಸುವವರಿಗಿಂತ ಕಣ್ಣಿಡುವವರೇ ಹೆಚ್ಚು. ಭಾಭಿ ಎಷ್ಟು ಗಂಟೆಗೆ ಮನೆಗೆ ಬಂದರು, ಗ್ಯಾಸ್ ಸಿಲಿಂಡರ್ ತಂದವನೊಡನೆ ಎಷ್ಟು ಹೊತ್ತು ಮಾತನಾಡಿದರು, ಹೊಸ ಸೀರೆಗೆ ಹಣ ಎಲ್ಲಿಂದ ಬಂತು ಎಂಬ ಲೆಕ್ಕ ಅನೇಕರ ಬಳಿ ಇರುತ್ತದೆ. ಅವಳ ಮಗನಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತು, ಅವನಿಗೆ ಗಣಿತ ಹೇಳಿಕೊಡುವವರು ಇದ್ದಾರೆಯೇ ಎಂಬ ಲೆಕ್ಕ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಪ್ರವಾದಿ(ಸ)ರ ಎರಡು ವಚನಗಳನ್ನು ಇಲ್ಲಿ ಸ್ಮರಿಸಬೇಕು. ಯೋಧನೊಬ್ಬನ ಕುಟುಂಬವನ್ನು ಅವನ ಗೈರುಹಾಜರಿಯಲ್ಲಿ ಚೆನ್ನಾಗಿ ನೋಡಿಕೊಂಡವನು ತಾನೂ ಯುದ್ಧದಲ್ಲಿ ಪಾಲ್ಗೊಂಡವನಿಗೆ ಸಮಾನನೆಂಬ ಆಶಯದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಹೋರಾಟಕ್ಕೆ ಹೋದವರ ಪತ್ನಿಯರ ಮಾನ, ಹಿಂದೆ ಉಳಿದವರ ಪಾಲಿಗೆ ಅವರ ಸ್ವಂತ ತಾಯಂದಿರ ಮಾನದಷ್ಟೇ ಪವಿತ್ರವೆಂಬ ಆಶಯದ ಇನ್ನೊಂದು ಹದೀಸ್ ಮುಸ್ಲಿಮ್‌ನಲ್ಲಿದೆ. ಈ ವಚನಗಳ ಹಿನ್ನೆಲೆ ಅಲ್ಲಾಹನ ಮಾರ್ಗದಲ್ಲಿ ಹೊರಟವರದ್ದು ನಿಜ. ಆದರೆ ಕುಟುಂಬವನ್ನು ಹಿಂದೆ ಬಿಟ್ಟು ಹೋದವನ ಮನೆಗೆ ನೆರೆಹೊರೆಯವರು ಹೊಣೆಗಾರರೆಂಬ ನೀತಿ ಅದರಿಂದ ಸ್ಪಷ್ಟವಾಗುತ್ತದೆ. ಎರಡೂ ವಚನಗಳು ಯಾರನ್ನು ಉದ್ದೇಶಿಸಿವೆಯೆಂಬುದನ್ನು ನೋಡಿ. ಅವು ಹೆಂಡತಿಯನ್ನು ಉದ್ದೇಶಿಸಿಲ್ಲ, ಊರಿನಲ್ಲಿ ಸುಖವಾಗಿ ಉಳಿದವರನ್ನು ಉದ್ದೇಶಿಸಿವೆ.

ಇಬ್ಬರು ಮಹಿಳೆಯರು

ನಮ್ಮ ಕಾಲದ ಇಬ್ಬರು ಮಹಿಳೆಯರನ್ನು ನೆನೆಯೋಣ. ಉತ್ತರ ಪ್ರದೇಶದ ಗಾಝೀಪುರ ಜಿಲ್ಲೆಯ ಧಾಮೂಪುರದ ಅಬ್ದುಲ್ ಹಮೀದ್ 1965ರ ಯುದ್ಧದಲ್ಲಿ ಪಂಜಾಬಿನ ಖೇಮಕರಣ್ ಪ್ರದೇಶದಲ್ಲಿ ಶತ್ರುವಿನ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿ ಮಡಿದರು. ಅವರಿಗೆ ಮರಣೋತ್ತರವಾಗಿ ಸಂದ ಪರಮವೀರ ಚಕ್ರವನ್ನು 1966ರ ಜನವರಿ 26ರಂದು ಅವರ ಪತ್ನಿ ರಸೂಲನ್ ಬೀಬಿ ಸ್ವೀಕರಿಸಿದರು. ಅದನ್ನು ನೀಡಿದವರು ಒಂದು ಕಾಲದಲ್ಲಿ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ್ದ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್. ಹಮೀದರ ಶೌರ್ಯವನ್ನು ಮಕ್ಕಳು ಪಾಠಗಳಲ್ಲಿ ಓದುತ್ತಾರೆ. ಆದರೆ ಪದಕ ಹಿಡಿದು ಹಳ್ಳಿಗೆ ಮರಳಿದ ಆ ತಾಯಿ, ಗಂಡನಿಲ್ಲದೆ ಮಕ್ಕಳೊಡನೆ ಇನ್ನೂ ಐದು ದಶಕಗಳಿಗಿಂತ ಹೆಚ್ಚು ಕಾಲ ಬದುಕಿದರು. 2017ರಲ್ಲಿ ಪತಿಯ ಸ್ಮರಣೆಯ ದಿನ ಅಂದಿನ ಸೇನಾ ಮುಖ್ಯಸ್ಥರು ಅವರ ಊರಿಗೆ ಬಂದರು. 2019ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಕಾಳಗ ಕೆಲವು ದಿನಗಳದ್ದು. ಅದರ ನಂತರದ ಬದುಕು ಸುಮಾರು 54 ವರ್ಷಗಳದ್ದು.

ಎರಡನೆಯವರು ನಮ್ಮ ನಾಡಿನವರೇ ಆದ ಸುಭಾಷಿಣಿ ವಸಂತ್. ಅವರ ಪತಿ, ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಮರಾಠಾ ಲೈಟ್ ಇನ್‌ಫೆಂಟ್ರಿಯ 9ನೇ ಬೆಟಾಲಿಯನ್ನಿನ ನಾಯಕರಾಗಿದ್ದರು. 2007ರ ಜುಲೈ 31ರಂದು ಕಾಶ್ಮೀರದ ಉರಿ ಪ್ರದೇಶದಲ್ಲಿ ಅವರು ಮಡಿದರು. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಭರತನಾಟ್ಯ ಕಲಾವಿದೆಯಾದ ಸುಭಾಷಿಣಿಯವರ ಮಡಿಲಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ತಮ್ಮ ಮನೆಯ ದುಃಖವೇ ಸಾಕಷ್ಟಿದ್ದರೂ ಅವರು 'ವಸಂತರತ್ನ' ಎಂಬ ಸಂಸ್ಥೆ ಕಟ್ಟಿ, ತಮ್ಮಂತೆಯೇ ಪತಿಯನ್ನು ಕಳೆದುಕೊಂಡ ಸೈನಿಕ ಪತ್ನಿಯರ ಮತ್ತು ಅವರ ಮಕ್ಕಳ ಬೆನ್ನಿಗೆ ನಿಂತರು. ನೀರಜಾ ಭನೋಟ್ ಪ್ರಶಸ್ತಿ ಅವರಿಗೆ ಸಂದಿದೆ.

ಇವರ ಧರ್ಮ, ಭಾಷೆ, ಬೆಳೆದ ಪರಿಸರ ಬೇರೆ ಬೇರೆ. ಒಬ್ಬರು ಹಳ್ಳಿಯ ಗೃಹಿಣಿ, ಇನ್ನೊಬ್ಬರು ನಗರದ ಕಲಾವಿದೆ. ಇಬ್ಬರೂ ಗೌರವಾರ್ಹರು. ಆದರೆ ಸುಭಾಷಿಣಿಯವರ ಉದಾಹರಣೆಯಲ್ಲಿ ನಮ್ಮನ್ನು ಚುಚ್ಚಬೇಕಾದ ಒಂದು ಮುಳ್ಳೂ ಇದೆ. ವಿಧವೆಯ ನೆರವಿಗೆ ಇನ್ನೊಬ್ಬ ವಿಧವೆಯೇ ಏಳಬೇಕಾಯಿತು. ಸಮಾಜಸೇವೆ ಮಾಡುವ ಹೆಣ್ಣನ್ನು ನೋಡಿ ನಾವು ಸಂತೋಷಪಡುವುದು ಸರಿ. ಆದರೆ ಅವಳು ಮಾಡಿದ ಕೆಲಸದಲ್ಲಿ ಎಷ್ಟು ಪಾಲು ನಾವು ಮಾಡಬೇಕಾಗಿತ್ತು ಎಂದೂ ಕೇಳಿಕೊಳ್ಳಬೇಡವೇ?

ಗೌರವದ ಬೇಲಿ

ಹೊಗಳಿಕೆ ಕೆಲವೊಮ್ಮೆ ಬೇಲಿಯೂ ಆಗುತ್ತದೆ. 'ವೀರನಾರಿ' ಎಂದು ಕರೆದ ಮೇಲೆ ಅವಳು ನಗಬಾರದು, ಬಣ್ಣದ ಬಟ್ಟೆ ಉಡಬಾರದು, ಇನ್ನೊಂದು ಮದುವೆಯ ಯೋಚನೆಯಂತೂ ಮಾಡಲೇಬಾರದೆಂದು ಜನ ಬಯಸುತ್ತಾರೆ. ಸರಕಾರದ ನಿಯಮವೂ ಬಹುಕಾಲ ಹೀಗೆಯೇ ಇತ್ತು. ಶೌರ್ಯಪ್ರಶಸ್ತಿ ಪಡೆದ ಯೋಧನ ವಿಧವೆಗೆ ಸಲ್ಲುವ ಭತ್ಯೆ ಅವಳು ಮರುಮದುವೆಯಾದರೆ ನಿಂತುಹೋಗುತ್ತಿತ್ತು. 1995ರಲ್ಲಿ ಸಡಿಲಿಸಿದಾಗಲೂ, ಮೃತನ ಸಹೋದರನನ್ನು ಮದುವೆಯಾದರೆ ಮಾತ್ರ ಭತ್ಯೆ ಮುಂದುವರಿಯುವುದೆಂಬ ಷರತ್ತು ಉಳಿಯಿತು. ಆ ಷರತ್ತನ್ನು ರಕ್ಷಣಾ ಸಚಿವಾಲಯ ಕೈಬಿಟ್ಟದ್ದು 2017ರ ನವೆಂಬರ್‌ನಲ್ಲಿ.

ಸತ್ತವನ ಆಸ್ತಿಯ ಜೊತೆಗೆ ಅವನ ಹೆಂಡತಿಯನ್ನೂ ವಾರಸುದಾರರು ತಮ್ಮ ಸ್ವತ್ತಾಗಿ ಎಣಿಸುವ ಪದ್ಧತಿ ಅಜ್ಞಾನ ಕಾಲದ ಅರಬರಲ್ಲಿತ್ತು. 'ಅನ್ನಿಸಾ' ಅಧ್ಯಾಯ ಅದನ್ನು ನಿಷೇಧಿಸಿತು. ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಮುಗಿದ ಮೇಲೆ ಯೋಗ್ಯ ರೀತಿಯಲ್ಲಿ ತನ್ನ ಬದುಕಿನ ತೀರ್ಮಾನ ಮಾಡಿಕೊಳ್ಳುವ ವಿಧವೆಯ ವಿಷಯದಲ್ಲಿ ಇತರರ ಮೇಲೆ ದೋಷವಿಲ್ಲವೆಂದು 'ಅಲ್‌ಬಕರ' ಅಧ್ಯಾಯ ಹೇಳಿತು. ಕಾನೂನು ಸ್ಪಷ್ಟವಾಗಿದ್ದರೂ ನಮ್ಮ ಮನೆಗಳ ಪದ್ಧತಿ ಅದಕ್ಕೆ ವಿರುದ್ಧವಾಗಿರುವುದನ್ನು ನಾವು ನೋಡುತ್ತಿಲ್ಲವೇ? ಪಿಂಚಣಿ, ಪರಿಹಾರದ ಹಣ ಬರುವವರೆಗೆ ಸೊಸೆ, ಬಂದ ಮೇಲೆ ಹೊರಗಿನವಳು ಎನ್ನುವ ಮನೆಗಳಿಲ್ಲವೇ? ಮೃತನ ತಾಯಿ ತಂದೆಯರ ಹಕ್ಕು, ಹೆಂಡತಿಯ ಹಕ್ಕು, ಮಕ್ಕಳ ಹಕ್ಕು ಎಲ್ಲಕ್ಕೂ ಪಾಲಿದೆ. ಒಬ್ಬರ ದುಃಖ ಇನ್ನೊಬ್ಬರ ಹಕ್ಕನ್ನು ನುಂಗಬಾರದು.

ಹಝ್ರತ್ ಅಸ್ಮಾ ಬಿಂತ್ ಉಮೈಸ್(ರ)ರ ಜೀವನ ಇಲ್ಲಿ ನಮಗೆ ದಾರಿದೀಪ. ಪತಿ ಜಅಫರ್ ಬಿನ್ ಅಬೀತಾಲಿಬ್(ರ)ರೊಡನೆ ಅಬಿಸೀನಿಯಾಕ್ಕೆ ವಲಸೆ ಹೋಗಿ, ಪರನಾಡಿನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿ ಮದೀನಾಕ್ಕೆ ಬಂದವರು ಅವರು. ಹಿಜ್ರತ್‌ನಲ್ಲಿ ನಾವು ನಿಮಗಿಂತ ಮುಂದೆ ಎಂದು ಉಮರ್(ರ) ಹೇಳಿದಾಗ ಅವರು ಸುಮ್ಮನಿರಲಿಲ್ಲ. ದೂರದೇಶದಲ್ಲಿ ಪಟ್ಟ ಪಾಡನ್ನು ನೇರವಾಗಿ ಹೇಳಿ, ವಿಷಯವನ್ನು ಪ್ರವಾದಿ(ಸ)ರ ಮುಂದಿಟ್ಟರು. ನಿಮಗೆ ಎರಡು ಹಿಜ್ರತ್‌ಗಳ ಪುಣ್ಯವಿದೆಯೆಂದು ಪ್ರವಾದಿ(ಸ) ತೀರ್ಪಿತ್ತರು. ತನ್ನ ಕಷ್ಟದ ಬೆಲೆಯನ್ನು ಬಾಯಿಬಿಟ್ಟು ಹೇಳುವುದು ಅಸಹನೆಯೆಂದು ಅವರು ಭಾವಿಸಲಿಲ್ಲ.

ಹಿಜರಿ 8ರಲ್ಲಿ ಮುಅತಾ ಯುದ್ಧದಲ್ಲಿ ಜಅಫರ್(ರ) ಹುತಾತ್ಮರಾದರು. ಸುದ್ದಿಯೊಡನೆ ಪ್ರವಾದಿ(ಸ) ತಾವೇ ಅಸ್ಮಾರ ಮನೆಗೆ ಬಂದರು. ಮಕ್ಕಳನ್ನು ಕರೆದು ಅಪ್ಪಿಕೊಂಡರು, ಕಣ್ಣೀರು ಸುರಿಸಿದರು. ಜಅಫರ್‌ರ ಮನೆಯವರು ದುಃಖದಲ್ಲಿದ್ದಾರೆ, ಅವರಿಗೆ ಅಡುಗೆ ಮಾಡಿ ಕಳುಹಿಸಿರಿ ಎಂದು ಜನರಿಗೆ ಹೇಳಿದರು. ಮುಂದೆ ಅಸ್ಮಾ(ರ) ಹಝ್ರತ್ ಅಬೂಬಕರ್(ರ)ರನ್ನು ವಿವಾಹವಾದರು, ಅವರ ನಿಧನಾನಂತರ ಹಝ್ರತ್ ಅಲೀ(ರ)ಯವರನ್ನು. ಇದರಿಂದ ಜಅಫರ್‌ರ ನೆನಪಿಗೆ ಕುಂದು ಬಂತೆಂದು ಯಾರೂ ಹೇಳಲಿಲ್ಲ.

ನಮ್ಮ ಬಾಗಿಲ ಆಚೆ

ನಮ್ಮ ಮನೆಗಳಲ್ಲಿ ಸೈನ್ಯಕ್ಕೆ ಹೋದವರು ಕಡಿಮೆಯಲ್ಲವೇ, ಇದೆಲ್ಲ ನಮಗೇಕೆ ಎಂದು ಕೆಲವರು ಕೇಳಬಹುದು. ದುಬೈ, ಸೌದಿ ಅರೇಬಿಯಾಗಳಲ್ಲಿ ದುಡಿಯುವವರ, ತಿಂಗಳುಗಟ್ಟಲೆ ಲಾರಿ ಓಡಿಸುವವರ ಪತ್ನಿಯರನ್ನು ಲೆಕ್ಕ ಹಾಕಿ ನೋಡಿ. ಉಮರ್(ರ)ರ ಕಿವಿಗೆ ಬಿದ್ದ ಹಾಡು ಇಂದು ನಮ್ಮ ಎಷ್ಟು ಮನೆಗಳ ಗೋಡೆಯೊಳಗೆ ಸಿಕ್ಕಿಕೊಂಡಿದೆಯೋ ಬಲ್ಲವರಾರು? ಗಲ್ಫಿನಿಂದ ಬಂದ ಹಣಕ್ಕೆ ಪಾಲುಗಾರರು ಅನೇಕ, ಒಂಟಿತನಕ್ಕೆ ಪಾಲುಗಾರರಿಲ್ಲ.

ಮಾಡಬೇಕಾದದ್ದು ಬಹಳ ದೊಡ್ಡದೇನೂ ಅಲ್ಲ. ಅಂತಹ ಮನೆಗಳ ಮಕ್ಕಳ ಓದನ್ನು ವಿಚಾರಿಸಲು ಪ್ರತಿಯೊಂದು ಜಮಾಅತ್ ಒಬ್ಬರಿಬ್ಬರನ್ನು ನೇಮಿಸಬಹುದು. ಪಿಂಚಣಿ, ವಿದ್ಯಾರ್ಥಿವೇತನಗಳ ಅರ್ಜಿಯೊಡನೆ ಸೈನಿಕ ಕಲ್ಯಾಣ ಕಚೇರಿಗೆ ಅಲೆಯುವ ತಾಯಿಯ ಜೊತೆಗೆ ಓದುಬರಹ ಬಲ್ಲ ಹೆಣ್ಣುಮಗಳೊಬ್ಬಳು ಹೋಗಬಹುದು. ಕಾಯಿಲೆಯ ದಿನ ಒಂದು ಹೊತ್ತಿನ ಸಾರು ಅನ್ನ ಪಕ್ಕದ ಮನೆಯಿಂದ ಹೋಗಬಹುದು. ದೂರದಲ್ಲಿರುವ ಗಂಡಂದಿರೂ ಹಣ ಕಳುಹಿಸಿದರೆ ಸಾಕೆಂದುಕೊಳ್ಳದೆ ರಜೆಗೆ ಬೇಗ ಬರಲು ದಾರಿ ಹುಡುಕಬೇಕು. ಅತ್ತೆಯಾದವಳು ಸೊಸೆಯ ಮುಖವನ್ನು ಒಮ್ಮೆ ನೋಡಿ, 'ಊಟ ಮಾಡಿದೆಯಾ ಮಗಳೇ?' ಎಂದು ಕೇಳುವುದಕ್ಕೆ ಯಾವ ಸಂಘ ಸಂಸ್ಥೆಯೂ ಬೇಕಿಲ್ಲ. ಮತ್ತು ಕನಿಷ್ಠ ಪಕ್ಷ, ಅವಳ ಬಾಗಿಲ ಮೇಲೆ ಇಟ್ಟ ನಮ್ಮ ಕಣ್ಣುಗಳನ್ನು ನಾವು ಹಿಂದಕ್ಕೆ ತೆಗೆದುಕೊಳ್ಳಬಹುದು.

ಅವಳ ಸಹನೆಯ ಪ್ರತಿಫಲ ಅಲ್ಲಾಹನ ಬಳಿಯಿದೆ, ಅದನ್ನು ಅವನೇ ಕೊಡುವನು. ನಾಳೆ ನಮ್ಮನ್ನು ಕೇಳಲಾಗುವುದು ಅವಳ ಸಹನೆಯ ಬಗ್ಗೆ ಅಲ್ಲ, ಅವಳ ನೆರೆಯಲ್ಲಿ ನಾವು ಹೇಗೆ ಬಾಳಿದೆವು ಎಂಬುದರ ಬಗ್ಗೆ. ಆ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಳ್ಳಲು ಅಲ್ಲಾಹನು ನಮಗೆಲ್ಲರಿಗೂ ಸದ್ಬುದ್ಧಿ ನೀಡಲಿ.